ಅಡಿಕೆ, ಬಾಯಿ ಕ್ಯಾನ್ಸರ್ ಮತ್ತು ಕ್ರೊಮ್ಯಾಟಿನ್: ಕರಾವಳಿಯ ವಾದದಲ್ಲಿ ಬಿಟ್ಟುಹೋದ ಕೊಂಡಿ

ಪುತ್ತೂರು, ಸುಳ್ಯ, ವಿಟ್ಲ, ಕಾರ್ಕಳದ ಕಡೆಯವರಿಗೆ ಅಡಿಕೆಯ ಬಗ್ಗೆ ಎರಡು ಬಗೆಯ ಸುದ್ದಿ ಸಿಗುತ್ತದೆ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂಬುದು ಒಂದು. ಅಡಿಕೆಯ ಸಾರ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನೇ ಕೊಂದಿತು ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ವಿಜ್ಞಾನಿಗಳೇ. ಹೀಗಾಗಿ ಓದುಗರು ತಮಗೆ ಹಿತವಾದುದನ್ನು ನಂಬಿ ಉಳಿದದ್ದನ್ನು ಬದಿಗಿಡುತ್ತಾರೆ.

2024ರ ಅಕ್ಟೋಬರ್‌ನಲ್ಲಿ ಈ ಗೊಂದಲ ಇನ್ನಷ್ಟು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದು ಅಂದಾಜನ್ನು ಪ್ರಕಟಿಸಿತು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣ, ಅವುಗಳಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದವು ಎಂದು ಅದು ಲೆಕ್ಕ ಹಾಕಿತ್ತು. ಬೆಳೆಗಾರರ ವಲಯದಲ್ಲಿ ಆತಂಕ ಎದ್ದಿತು. ಅಡಿಕೆಯ ಮೇಲಿನ ಆರೋಪವನ್ನು ನಮ್ಮದೇ ಸಂಶೋಧನೆಯಿಂದ ಪರೀಕ್ಷಿಸಬೇಕೆಂಬ ಒತ್ತಾಯ ಬಲವಾಯಿತು.

ಈ ವಾದ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತಿದೆ: ಅಡಿಕೆ ನಮ್ಮ ಡಿಎನ್‌ಎಯನ್ನು ಕೆಡಿಸುತ್ತದೆಯೇ, ಇಲ್ಲವೇ? ಪ್ರಶ್ನೆ ಸರಿಯಾದದ್ದೇ, ಆದರೆ ಅರ್ಧ. ಡಿಎನ್‌ಎಯ ಒಂದು ಅಕ್ಷರವೂ ಬದಲಾಗದೆ ಕೋಶದ ನಡವಳಿಕೆ ಬದಲಾಗಬಹುದು. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿರ್ಧರಿಸುವ ಕ್ರೊಮ್ಯಾಟಿನ್ ಎಂಬ ವ್ಯವಸ್ಥೆ ಅಲ್ಲಿದೆ. ವರ್ಷಗಟ್ಟಲೆ ನಡೆಯುವ ಅಭ್ಯಾಸವೊಂದು ಬಾಯಿಯ ಒಳಪದರದಲ್ಲಿ ಗುರುತು ಬಿಡಬಹುದಾದ ಒಂದು ಜಾಗವೂ ಅದೇ.

ಎರಡು ಕಡೆಯ ಮಾತು

1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸೇರಿದಂತೆ ಬೆಳೆಗಾರರ ಸಂಸ್ಥೆಗಳ ನಿಲುವು ಸ್ಪಷ್ಟವಾಗಿದೆ. ತಲೆಮಾರುಗಳಿಂದ ಜನ ಎಲೆ-ಅಡಿಕೆ ತಿನ್ನುತ್ತಾ ಬಂದಿದ್ದಾರೆ. ಕೇಡು ಇರುವುದು ಹೊಗೆಸೊಪ್ಪಿನಲ್ಲಿ, ಗುಟ್ಕಾದಲ್ಲಿ, ಕಲಬೆರಕೆಯಲ್ಲಿ, ಹೊರದೇಶದಿಂದ ಬರುವ ಕಳಪೆ ಅಡಿಕೆಯಲ್ಲಿ. ಶುದ್ಧ ಅಡಿಕೆಯನ್ನೂ ಅವುಗಳ ಜೊತೆ ಸೇರಿಸಿ ದೂಷಿಸುವುದು ಅನ್ಯಾಯ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ತಂಬಾಕು ಸೇರಿದಾಗ ಅಪಾಯ ಬಹಳ ಏರುತ್ತದೆ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಭಾರತದಲ್ಲಿ ಎರಡನ್ನೂ ಒಟ್ಟಿಗೆ ಜಗಿಯುವವರೇ ಹೆಚ್ಚಾದ್ದರಿಂದ ಇವುಗಳ ಪಾಲನ್ನು ಬೇರ್ಪಡಿಸುವುದೂ ಸುಲಭವಲ್ಲ.

ಅಂತಾರಾಷ್ಟ್ರೀಯ ಸಂಸ್ಥೆ ಉತ್ತರ ಹುಡುಕಿದ್ದು ತೈವಾನ್‌ನಲ್ಲಿ. ಅಲ್ಲಿನವರು ಅಡಿಕೆಯನ್ನು ಸಾಮಾನ್ಯವಾಗಿ ತಂಬಾಕು ಸೇರಿಸದೆ ಜಗಿಯುತ್ತಾರೆ. ಆದರೂ ಬಾಯಿ ಕ್ಯಾನ್ಸರ್ ಅಲ್ಲಿ ಹೆಚ್ಚು. ಇದು ಮತ್ತು ಇತರ ಪುರಾವೆಗಳ ಆಧಾರದಲ್ಲಿ ಸಂಸ್ಥೆಯ ತಜ್ಞರ ಸಮಿತಿ 2003ರಲ್ಲಿ ತಂಬಾಕಿಲ್ಲದ ಎಲೆ-ಅಡಿಕೆಯನ್ನೂ ಅಡಿಕೆಯನ್ನೂ ಮೊದಲನೇ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ ವಸ್ತುಗಳ ಪಟ್ಟಿಗೆ, ಸೇರಿಸಿತು.

ಈ ಗುಂಪುಗಳ ಅರ್ಥದಲ್ಲೇ ಗೊಂದಲ ಹುಟ್ಟುತ್ತದೆ. ಮೊದಲನೇ ಗುಂಪು ಪುರಾವೆ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮದ್ಯ, ಸೂರ್ಯನ ಬಿಸಿಲು, ತಂಬಾಕು ಎಲ್ಲವೂ ಅದೇ ಗುಂಪಿನಲ್ಲಿವೆ. ಇನ್ನೊಂದು ತೊಡಕೂ ಇದೆ. ಅಡಿಕೆಯಲ್ಲಿರುವ ಮುಖ್ಯ ರಾಸಾಯನಿಕವಾದ ಅರೆಕೋಲಿನ್ ಅನ್ನು ಇದೇ ಸಂಸ್ಥೆ 2020ರಲ್ಲಿ ಪರಿಶೀಲಿಸಿ, 'ಕ್ಯಾನ್ಸರ್ ತರುವ ಸಾಧ್ಯತೆ ಇರುವ' ಕೆಳಗಿನ ಗುಂಪಿಗೆ ಹಾಕಿತು. ಇಡೀ ಅಡಿಕೆ ಮೇಲಿನ ಗುಂಪಿನಲ್ಲಿದ್ದು ಅದರ ಮುಖ್ಯ ರಾಸಾಯನಿಕ ಕೆಳಗಿನ ಗುಂಪಿನಲ್ಲಿ ಇರುವುದು ಹೇಗೆ ಎಂದು ಕೇಳಿದರೆ ಉತ್ತರ ಸರಳ: ಮನುಷ್ಯರು ಜಗಿಯುವುದು ಅಡಿಕೆಯನ್ನು, ಶುದ್ಧ ಅರೆಕೋಲಿನ್ ಅನ್ನಲ್ಲ. ಹಾಗಾಗಿ ಮಾನವ ಪುರಾವೆ ಇರುವುದು ಅಡಿಕೆಗೆ ಮಾತ್ರ.

ಕಟ್ಟು ಬಿಚ್ಚಿದರೆ ತಾನೇ ದಾಖಲೆ

ನಮ್ಮ ಒಂದು ಕೋಶದ ಡಿಎನ್‌ಎಯನ್ನು ನೇರವಾಗಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದಾದ ಕೋಶಕೇಂದ್ರದೊಳಗೆ ಹಿಡಿಸಬೇಕು. ಅದಕ್ಕಾಗಿ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಸುತ್ತ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್‌ಗಳ ಒಂದು ಗುಂಪಿಗೆ ಡಿಎನ್‌ಎಯ 147 ಅಕ್ಷರಜೋಡಿಗಳು ಒಂದೂವರೆ ಸುತ್ತಿಗಿಂತ ತುಸು ಹೆಚ್ಚು ಸುತ್ತಿರುತ್ತವೆ. ಇದೇ ನ್ಯೂಕ್ಲಿಯೊಸೋಮ್. ಇಂಥ ಕೋಟ್ಯಂತರ ನ್ಯೂಕ್ಲಿಯೊಸೋಮ್‌ಗಳ ಸಾಲೇ ಕ್ರೊಮ್ಯಾಟಿನ್.

ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಜಮೀನಿನ ದಾಖಲೆ ಅಕ್ಷರವೂ ಮಾಸದೆ ಇರಬಹುದು. ಕಡತದ ಕಟ್ಟು ಬಿಚ್ಚುವವರೆಗೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಕೋಶದ ಸಂಗತಿಯೂ ಹೀಗೆಯೇ. ಸುಮಾರು 20 ಸಾವಿರ ಜೀನ್‌ಗಳು ಎಲ್ಲ ಕೋಶಗಳಲ್ಲೂ ಇವೆ. ಕೆನ್ನೆಯ ಒಳಪದರದ ಕೋಶಕ್ಕೆ ಬೇಕಾದ ಜೀನ್‌ಗಳ ಭಾಗ ಸಡಿಲವಾಗಿರುತ್ತದೆ, ಬೇಡದವು ಬಿಗಿಯಾಗಿ ಮುಚ್ಚಿರುತ್ತವೆ.

ಈ ಬಿಗಿ-ಸಡಿಲವನ್ನು ನಡೆಸುವ ಕಿಣ್ವಗಳಲ್ಲಿ ಮೂರು ಬಗೆ ಮುಖ್ಯ. ಕೆಲವು ಹಿಸ್ಟೋನ್‌ಗಳ ಬಾಲಕ್ಕೆ ಸಣ್ಣ ರಾಸಾಯನಿಕ ಗುರುತು ಅಂಟಿಸುತ್ತವೆ ಅಥವಾ ಕೀಳುತ್ತವೆ. ಅಸಿಟೈಲ್ ಗುರುತು ಬಿದ್ದರೆ ಆ ಭಾಗ ಸಡಿಲವಾಗುತ್ತದೆ, ಅದನ್ನು ಕಿತ್ತರೆ ಬಿಗಿಯುತ್ತದೆ. ಮೀಥೈಲ್ ಗುರುತು ಹಿಸ್ಟೋನ್‌ನ ಯಾವ ಜಾಗದಲ್ಲಿ ಬಿತ್ತು ಎಂಬುದರ ಮೇಲೆ ಜೀನ್ ತೆರೆಯಲೂಬಹುದು, ಮುಚ್ಚಲೂಬಹುದು. ಎರಡನೆಯ ಬಗೆಯವು ಡಿಎನ್‌ಎಯ ಮೇಲೇ ಮೀಥೈಲ್ ಗುರುತು ಹಾಕುತ್ತವೆ. ಜೀನ್‌ನ ಆರಂಭದ ಭಾಗದಲ್ಲಿ ಅದು ದಟ್ಟವಾಗಿ ಬಿದ್ದರೆ ಜೀನ್ ಸಾಮಾನ್ಯವಾಗಿ ಮೌನವಾಗುತ್ತದೆ. ಮೂರನೆಯವು ಕೋಶದ ಶಕ್ತಿಯನ್ನು ಖರ್ಚು ಮಾಡಿ ನ್ಯೂಕ್ಲಿಯೊಸೋಮ್‌ಗಳನ್ನೇ ಸರಿಸುತ್ತವೆ, ಎತ್ತಿ ತೆಗೆಯುತ್ತವೆ. ಕ್ರೊಮ್ಯಾಟಿನ್ ಮರುರಚನೆ ಎಂದು ಮುಖ್ಯವಾಗಿ ಕರೆಯುವುದು ಈ ಕೊನೆಯ ಕೆಲಸವನ್ನು. ಸ್ವಿ-ಸ್ನಿಫ್ ಎಂಬ ದೊಡ್ಡ ಪ್ರೋಟೀನ್ ಕೂಟ ಇದರಲ್ಲಿ ಪ್ರಸಿದ್ಧ. ಮನುಷ್ಯರ ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನು ಒಟ್ಟಿಗೆ ನೋಡಿದರೆ ಸುಮಾರು ಐದರಲ್ಲೊಂದರಲ್ಲಿ ಈ ಕೂಟದ ಯಾವುದಾದರೂ ಭಾಗ ಕೆಟ್ಟಿರುತ್ತದೆ.

ಕ್ಯಾನ್ಸರ್ ಕೋಶದಲ್ಲಿ ಏನು ಮುಚ್ಚುತ್ತದೆ, ಏನು ತೆರೆಯುತ್ತದೆ

ಬಯಾಪ್ಸಿ ವರದಿ ಕೈಗೆ ಬಂದವರು ಅದರಲ್ಲಿ 'ಹೈಪರ್‌ಕ್ರೊಮ್ಯಾಟಿಕ್ ನ್ಯೂಕ್ಲಿಯಸ್' ಎಂಬ ಪದಗಳನ್ನು ನೋಡಿರಬಹುದು. ಕೆನ್ನೆಯಿಂದ ತೆಗೆದ ಚೂರನ್ನು ತೆಳ್ಳಗೆ ಕತ್ತರಿಸಿ ನೇರಳೆ ಬಣ್ಣ ಹಾಕಿದಾಗ ಆರೋಗ್ಯವಂತ ಕೋಶಗಳ ಕೇಂದ್ರ ತಿಳಿಯಾಗಿ, ಒಂದೇ ಗಾತ್ರದಲ್ಲಿ ಕಾಣುತ್ತದೆ. ಕೆಡುತ್ತಿರುವ ಕೋಶಗಳದ್ದು ದೊಡ್ಡದಾಗಿ, ಗಾಢವಾಗಿ, ಒರಟಾಗಿ ಕಾಣುತ್ತದೆ. ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಬಹುಕಾಲದಿಂದ ನೋಡುತ್ತಿರುವ ಆ ಗಾಢತೆ ಕೋಶಕೇಂದ್ರದ ಕ್ರೊಮ್ಯಾಟಿನ್‌ನದ್ದೇ. ಜೀನ್‌ಗಳ ಮಟ್ಟದಲ್ಲಿ ಅಲ್ಲಿ ಏನಾಗಿದೆ ಎಂಬುದು ಬಿಡಿಬಿಡಿಯಾಗಿ ತಿಳಿದದ್ದು ಮಾತ್ರ ಇತ್ತೀಚಿನ ದಶಕಗಳಲ್ಲಿ.

ಪಿ16 ಎಂಬ ಪ್ರೋಟೀನನ್ನು ನೋಡೋಣ. ಕೋಶ ಅಕಾಲದಲ್ಲಿ ಇಬ್ಭಾಗವಾಗದಂತೆ ತಡೆಯುವುದು ಅದರ ಕೆಲಸ. ಬಾಯಿ ಕ್ಯಾನ್ಸರ್‌ನಲ್ಲಿ ಇದರ ಜೀನ್ ಹಲವು ದಾರಿಯಿಂದ ಇಲ್ಲವಾಗುತ್ತದೆ. ಕೆಲವರಲ್ಲಿ ಆ ತುಂಡೇ ಕಳೆದುಹೋಗಿರುತ್ತದೆ, ಕೆಲವರಲ್ಲಿ ಅಕ್ಷರ ತಪ್ಪಿರುತ್ತದೆ. ಇನ್ನು ಕೆಲವರಲ್ಲಿ ಜೀನ್ ಪೂರ್ತಿ ಸರಿಯಿದ್ದು, ಅದರ ಆರಂಭದ ಭಾಗದಲ್ಲಿ ಮೀಥೈಲ್ ಗುರುತುಗಳು ತುಂಬಿರುತ್ತವೆ. ಆ ಗುರುತು ಕಂಡಲ್ಲಿಗೆ ಅಸಿಟೈಲ್ ಕೀಳುವ ಕಿಣ್ವಗಳು ಬರುತ್ತವೆ, ಹಿಸ್ಟೋನ್‌ಗಳು ಬಿಗಿಯುತ್ತವೆ, ಜೀನ್ ಓದುವ ಕಿಣ್ವಕ್ಕೆ ಕೂರಲು ಜಾಗವಿಲ್ಲದಾಗುತ್ತದೆ. ಪಿ16 ತಯಾರಾಗುವುದಿಲ್ಲ. ಕೋಶ ವಿಭಜನೆಯಾಗುತ್ತಾ ಹೋಗುತ್ತದೆ, ವಿಭಜನೆಯಾದಾಗಲೆಲ್ಲ ಮೀಥೈಲ್ ಗುರುತು ಮರಿಕೋಶಕ್ಕೂ ನಕಲಾಗುತ್ತದೆ. ಅಕ್ಷರದೋಷ ಮುಂದುವರಿಯುವ ಹಾಗೆಯೇ ಈ ಮೌನವೂ ಮುಂದುವರಿಯುತ್ತದೆ.

ಕ್ಯಾನ್ಸರ್ ಕೆನ್ನೆಯಿಂದ ಕುತ್ತಿಗೆಯ ಗಂಟುಗಳಿಗೆ ಹರಡುವಲ್ಲಿಯೂ ಇದೇ ಕೈವಾಡವಿದೆ. ಒಳಪದರದ ಕೋಶಗಳನ್ನು ಪರಸ್ಪರ ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್‌ನ ಜೀನ್ ಮುಚ್ಚಿದರೆ ಕೋಶಗಳು ಬಿಡಿಯಾಗಿ ಚಲಿಸಬಲ್ಲವು. 2017ರಲ್ಲಿ ಅಮೆರಿಕದ ಸಂಶೋಧಕರು ತಲೆ-ಕುತ್ತಿಗೆ ಕ್ಯಾನ್ಸರ್‌ನ 18 ರೋಗಿಗಳಿಂದ ಪಡೆದ ಸುಮಾರು 6 ಸಾವಿರ ಕೋಶಗಳನ್ನು ಒಂದೊಂದಾಗಿ ಓದಿದರು. ಗಡ್ಡೆಯ ಅಂಚಿನಲ್ಲಿದ್ದ ಕ್ಯಾನ್ಸರ್ ಕೋಶಗಳು ಒಳಗಿದ್ದವುಗಳಿಗಿಂತ ಬೇರೆ ಜೀನ್‌ಗಳನ್ನು ಬಳಸುತ್ತಿದ್ದವು. ಚಲಿಸುವ ಗುಣ ಅವುಗಳಲ್ಲಿ ಅರ್ಧ ಮೂಡಿತ್ತು. ಒಂದೇ ಗಡ್ಡೆ, ಬಹುಮಟ್ಟಿಗೆ ಒಂದೇ ಡಿಎನ್‌ಎ. ವ್ಯತ್ಯಾಸ ಇದ್ದದ್ದು ಜೀನ್‌ಗಳ ಬಳಕೆಯಲ್ಲಿ.

ಇಜೆಡ್‌ಎಚ್2 ಎಂಬ ಇನ್ನೊಂದು ಕಿಣ್ವ ಹಿಸ್ಟೋನ್ ಮೇಲೆ 'ಮುಚ್ಚು' ಎಂಬ ಗುರುತು ಹಾಕುತ್ತದೆ. ಬಾಯಿ ಕ್ಯಾನ್ಸರ್‌ನಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕ್ಯಾನ್ಸರ್‌ಗೆ ಮೊದಲು ಬರುವ ಬಿಳಿ ಮಚ್ಚೆಗಳಲ್ಲೂ ಅದು ಹೆಚ್ಚಾಗಿರುವುದು ಕಂಡುಬಂದಿದೆ. ಇದು ಗಮನಿಸಬೇಕಾದ ಅಂಶ: ಗಡ್ಡೆ ಕಾಣುವ ಮೊದಲೇ ಕ್ರೊಮ್ಯಾಟಿನ್ ಬದಲಾಗಲು ಆರಂಭಿಸಿರುತ್ತದೆ.

ವ್ಯವಸ್ಥೆಯೇ ಕೆಟ್ಟಾಗ

ಅಕ್ಷರದೋಷ ಬೇರೆ, ಕ್ರೊಮ್ಯಾಟಿನ್ ದೋಷ ಬೇರೆ ಎಂದು ಎರಡು ಪೆಟ್ಟಿಗೆಗಳಲ್ಲಿ ಇಡಲೂ ಆಗದು. ಭಾರತದ ವಿಜ್ಞಾನಿಗಳ ತಂಡ 2013ರಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಾಣುವ ವಸಡು-ಕೆನ್ನೆಯ ಕ್ಯಾನ್ಸರ್ ಕುರಿತು ಒಂದು ಮಹತ್ವದ ಅಧ್ಯಯನ ಪ್ರಕಟಿಸಿತು. ಮೊದಲು 50 ರೋಗಿಗಳ, ಬಳಿಕ ಖಚಿತಪಡಿಸಲು ಇನ್ನೂ 60 ರೋಗಿಗಳ ಗಡ್ಡೆಗಳನ್ನು ಅದು ಓದಿತು. ಟಿಪಿ53, ನಾಚ್1ನಂಥ ಪರಿಚಿತ ಜೀನ್‌ಗಳ ಜೊತೆಗೆ ಐದು ಹೊಸ ಜೀನ್‌ಗಳಲ್ಲಿ ಮತ್ತೆ ಮತ್ತೆ ದೋಷ ಕಂಡಿತು. ಅವುಗಳಲ್ಲಿ ಒಂದಾದ ಎಆರ್‌ಐಡಿ2 ಸ್ವಿ-ಸ್ನಿಫ್ ಕೂಟದ ಭಾಗ. ಇನ್ನೊಂದಾದ ಎಂಎಲ್‌ಎಲ್4 ಹಿಸ್ಟೋನ್‌ಗೆ 'ತೆರೆ' ಎಂಬ ಗುರುತು ಹಾಕುವ ಕಿಣ್ವದ್ದು. ಎರಡೂ ಕ್ರೊಮ್ಯಾಟಿನ್ ನಡೆಸುವ ಜೀನ್‌ಗಳು. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ 2015ರಲ್ಲಿ 279 ತಲೆ-ಕುತ್ತಿಗೆ ಗಡ್ಡೆಗಳನ್ನು ಪರಿಶೀಲಿಸಿದಾಗಲೂ ಎನ್‌ಎಸ್‌ಡಿ1 ಮುಂತಾದ ಇದೇ ವರ್ಗದ ಜೀನ್‌ಗಳು ಕೆಟ್ಟಿರುವುದು ಕಂಡಿತು.

ಇಲ್ಲಿ ಕಾರಣ ಮತ್ತು ಪರಿಣಾಮ ಎರಡೂ ದಿಕ್ಕಿನಲ್ಲಿ ಹರಿಯುತ್ತವೆ. ಇಂಥ ಒಂದು ಜೀನ್‌ನಲ್ಲಿ ಅಕ್ಷರದೋಷ ಬಂದರೆ ಅದರ ಅಂಕೆಯಲ್ಲಿದ್ದ ನೂರಾರು ಜೀನ್‌ಗಳ ತೆರೆ-ಮುಚ್ಚು ಏರುಪೇರಾಗುತ್ತದೆ. ಅತ್ತ, ಬಿಗಿಯಾಗಿ ಮುಚ್ಚಿದ ಭಾಗಗಳಿಗೆ ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನ್‌ಗಳು ಸುಲಭವಾಗಿ ತಲುಪುವುದಿಲ್ಲವಾದ್ದರಿಂದ ಅಲ್ಲಿ ಅಕ್ಷರದೋಷಗಳು ಹೆಚ್ಚು ಉಳಿಯುತ್ತವೆ. ಒಂದು ಕೆಟ್ಟರೆ ಇನ್ನೊಂದಕ್ಕೆ ದಾರಿ.

ಅಡಿಕೆಯ ಪಾತ್ರ

ಹೊಗೆಸೊಪ್ಪು ಸೇರಲಿ ಬಿಡಲಿ, ಅಡಿಕೆ ಜಗಿಯುವವರಲ್ಲಿ ಬರುವ ತೊಂದರೆ ಎಂದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್. ಮೊದಲು ಖಾರ ತಿಂದರೆ ಉರಿ. ಮೀನಿನ ಗಸಿ, ಉಪ್ಪಿನಕಾಯಿ ಬಾಯಿಗಿಡಲಾಗುವುದಿಲ್ಲ. ಕೆನ್ನೆಯ ಒಳಭಾಗ ಬಿಳಚಿಕೊಂಡು, ಬೆರಳಿಟ್ಟು ಒತ್ತಿದರೆ ಗಟ್ಟಿ ಪಟ್ಟಿಗಳು ಸಿಗುತ್ತವೆ. ಮೂರು ಬೆರಳು ಹಿಡಿಸಬೇಕಾದ ಬಾಯಿಗೆ ಎರಡು, ಕೊನೆಗೆ ಒಂದೂ ಹಿಡಿಸದಂತಾಗುತ್ತದೆ. ಅರೆಕೋಲಿನ್, ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚು ತಯಾರಾಗುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರ, ಆ ಕೊಲಾಜೆನ್ ಎಳೆಗಳನ್ನು ಬೆಸೆಯುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹೀಗೆ ಕೂಡಿದ್ದು ಕರಗುವುದಿಲ್ಲ. ಕೇರಳದ ಎರ್ನಾಕುಳಂನಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಹಿಂಬಾಲಿಸಿದಾಗ ಶೇ 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು. ಸಂಖ್ಯೆ ಚಿಕ್ಕದು, ಆದರೆ ಕಾಲಾವಧಿ ನೋಡಿ: ಇದು ವರ್ಷಗಳ ಲೆಕ್ಕದಲ್ಲಿ ನಡೆಯುವ ಕೆಲಸ.

ಈ ವರ್ಷಗಳಲ್ಲಿ ಕೋಶದೊಳಗೆ ಏನಾಗುತ್ತದೆ? ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ಅರೆಕೋಲಿನ್ ಕೊಟ್ಟಾಗ ಹಿಸ್ಟೋನ್ ಗುರುತುಗಳು ಬದಲಾದುದನ್ನು ಅಧ್ಯಯನಗಳು ತೋರಿಸಿವೆ. ಮನುಷ್ಯರ ಬಾಯಿಯಿಂದ ಬಂದ ಪುರಾವೆ ಇನ್ನೂ ತೂಕದ್ದು. ಶ್ರೀಲಂಕಾದಲ್ಲಿ ಎಲೆ-ಅಡಿಕೆ ಜಗಿಯುವವರ ಕ್ಯಾನ್ಸರ್‌ಪೂರ್ವ ಗಾಯಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪಿ16 ಮತ್ತು ಅದರ ನೆರೆಯ ಜೀನ್‌ಗಳ ಮೇಲೆ ಮೀಥೈಲ್ ಗುರುತು ಬಹಳಷ್ಟು ಜನರಲ್ಲಿ ಕಂಡಿತು. ಅವರಿಗೆ ಆಗಿನ್ನೂ ಕ್ಯಾನ್ಸರ್ ಇರಲಿಲ್ಲ. ಚೀನಾದ ಸಂಶೋಧಕರು ಇಂಥ ಗುರುತಿರುವ ಗಾಯಗಳು ಉಳಿದವುಗಳಿಗಿಂತ ಹೆಚ್ಚು ಬಾರಿ ಕ್ಯಾನ್ಸರ್‌ಗೆ ತಿರುಗುವುದನ್ನು ದಾಖಲಿಸಿದ್ದಾರೆ.

ಎಚ್ಚರದ ಮಾತೂ ಬೇಕು. ಜಗಿಯುವವರಲ್ಲಿ ಹಲವರು ಬೀಡಿಯನ್ನೂ ಸೇದುತ್ತಾರೆ, ಮದ್ಯವನ್ನೂ ಕುಡಿಯುತ್ತಾರೆ. ಕಂಡ ಬದಲಾವಣೆಯಲ್ಲಿ ಅಡಿಕೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಅಡಿಕೆ ಕ್ರೊಮ್ಯಾಟಿನ್ ಮೂಲಕ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗುತ್ತಿದೆ, ಸರಪಳಿಯ ಎಲ್ಲ ಕೊಂಡಿಗಳೂ ಇನ್ನೂ ಜೋಡಣೆಯಾಗಿಲ್ಲ. ಅಡಿಕೆ ಜಗಿಯುವುದಕ್ಕೂ ಕ್ಯಾನ್ಸರ್‌ಗೂ ಇರುವ ನಂಟು ಮಾತ್ರ ಈ ಕೊಂಡಿಗಳ ಮೇಲೆ ನಿಂತಿಲ್ಲ. ಅದು ಜನರ ಮೇಲಿನ ಅಧ್ಯಯನಗಳಿಂದ ತಿಳಿದದ್ದು.

'ಅಡಿಕೆ ಸಾರ ಕ್ಯಾನ್ಸರ್ ಕೊಂದಿತು' ಎಂದರೆ?

ಸುದ್ದಿ ಸುಳ್ಳಾಗಬೇಕಿಲ್ಲ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಬೆಳೆಸಿ ಅಡಿಕೆ ಸಾರವನ್ನು ಸಾಕಷ್ಟು ಹಾಕಿದರೆ ಅವು ಸಾಯಬಹುದು. ಪ್ರಮಾಣ ಹೆಚ್ಚಾದರೆ ಅರೆಕೋಲಿನ್ ಆರೋಗ್ಯವಂತ ಕೋಶಗಳಿಗೂ ವಿಷವೇ. ಆದರೆ ಒಂದೆರಡು ದಿನ, ಹೆಚ್ಚು ಪ್ರಮಾಣ, ಆಗಲೇ ಕ್ಯಾನ್ಸರ್ ಆಗಿರುವ ಕೋಶ ಎಂಬ ಈ ಪರೀಕ್ಷೆಗೂ, ಇಪ್ಪತ್ತು ವರ್ಷ, ದಿನಕ್ಕೆ ಹಲವು ಬಾರಿ, ಆರೋಗ್ಯವಂತ ಕೆನ್ನೆ ಎಂಬ ಬದುಕಿಗೂ ಹೋಲಿಕೆಯಿಲ್ಲ. ಕ್ರೊಮ್ಯಾಟಿನ್ ಗುರುತುಗಳು ನಿಧಾನವಾಗಿ ಕೂಡುತ್ತಾ ಹೋಗುವಂಥವು. ಅಲ್ಪಾವಧಿಯ ಪರೀಕ್ಷೆಯಲ್ಲಿ ಡಿಎನ್‌ಎ ಅಕ್ಷರಗಳಿಗೆ ಹಾನಿ ಕಾಣಲಿಲ್ಲ ಎಂದರೆ ಅಷ್ಟೇ ಅರ್ಥ. ಅಡಿಕೆ ನಿರ್ದೋಷಿ ಎಂದು ಅದರಿಂದ ತೀರ್ಮಾನಿಸಲಾಗದು. ಹಾಗೆಯೇ, ಅರೆಕೋಲಿನ್ ಹಾಕಿದ ತಟ್ಟೆಯಲ್ಲಿ ಹಿಸ್ಟೋನ್ ಗುರುತು ಬದಲಾಯಿತು ಎಂಬಷ್ಟರಿಂದಲೇ ಅಡಿಕೆ ಅಪರಾಧಿ ಎನ್ನಲೂ ಆಗದು. ಈ ಎಚ್ಚರ ಎರಡೂ ಕಡೆಯವರಿಗೆ ಬೇಕು.

ಔಷಧ ಬಂದಿದೆಯೇ?

ಕ್ರೊಮ್ಯಾಟಿನ್ ಗುರುತು ಅಕ್ಷರದೋಷದಂತೆ ಶಾಶ್ವತವಲ್ಲ, ಅಳಿಸಬಹುದು. ಈ ಆಸೆಯಿಂದ ಹುಟ್ಟಿದ ಔಷಧಗಳಿವೆ. ಡಿಎನ್‌ಎಯ ಮೀಥೈಲ್ ಗುರುತು ಕುಗ್ಗಿಸುವ ಅಜಾಸೈಟಿಡಿನ್‌ಗೆ ಅಮೆರಿಕದಲ್ಲಿ 2004ರಲ್ಲಿ, ಅಸಿಟೈಲ್ ಕೀಳುವ ಕಿಣ್ವವನ್ನು ತಡೆಯುವ ವೊರಿನೊಸ್ಟಾಟ್‌ಗೆ 2006ರಲ್ಲಿ, ಇಜೆಡ್‌ಎಚ್2 ತಡೆಯುವ ಟಾಜೆಮೆಟೊಸ್ಟಾಟ್‌ಗೆ 2020ರಲ್ಲಿ ಅನುಮತಿ ಸಿಕ್ಕಿತು. ಇವೆಲ್ಲ ರಕ್ತಕ್ಕೆ ಸಂಬಂಧಿಸಿದ ಕೆಲವು ಕ್ಯಾನ್ಸರ್‌ಗಳಿಗೆ ಮತ್ತು ಅಪರೂಪದ ಗಡ್ಡೆಗಳಿಗೆ. ಬಾಯಿ ಕ್ಯಾನ್ಸರ್‌ಗೆ ಈ ವರ್ಗದ ಯಾವ ಔಷಧಕ್ಕೂ ಅನುಮತಿಯಿಲ್ಲ. ಈ ಔಷಧಗಳು ಪಿ16 ಒಂದನ್ನೇ ಹುಡುಕಿ ತೆರೆಯುವುದಿಲ್ಲ, ಮುಚ್ಚಿರಲೇಬೇಕಾದ ಜೀನ್‌ಗಳನ್ನೂ ತೆರೆಯಬಲ್ಲವು ಎಂಬುದು ದೊಡ್ಡ ತೊಡಕು. ರೋಗನಿರೋಧಕ ಚಿಕಿತ್ಸೆಯ ಜೊತೆ ಸೇರಿಸಿ ಪ್ರಯತ್ನಗಳು ನಡೆದಿವೆ. ಸದ್ಯಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋಥೆರಪಿಯೇ ಚಿಕಿತ್ಸೆಯ ಬೆನ್ನೆಲುಬು. ಇಂಥ ಗುರುತು ಬದಲಿಸುವ 'ಎಪಿಜೆನೆಟಿಕ್ ಚಿಕಿತ್ಸೆ' ಎಂದು ಹಣ ಕೇಳುವವರನ್ನು ನಂಬಿ ಯಾರೂ ಆಪರೇಷನ್ ಮುಂದೂಡಬಾರದು.

ಅಭ್ಯಾಸ ಬಿಟ್ಟವರಲ್ಲಿ ಏನಾಗುತ್ತದೆ ಎಂಬುದು ಹೆಚ್ಚು ಭರವಸೆಯ ವಿಷಯ. ಧೂಮಪಾನ ನಿಲ್ಲಿಸಿದವರ ರಕ್ತದಲ್ಲಿ ಕೆಲವು ಮೀಥೈಲ್ ಗುರುತುಗಳು ವರ್ಷಗಳಲ್ಲಿ ಮೊದಲಿನ ಸ್ಥಿತಿಯತ್ತ ಮರಳುವುದು ಸಿದ್ಧವಾಗಿದೆ. ಫೈಬ್ರೋಸಿಸ್‌ನಿಂದ ಬಿಗಿದ ಕೆನ್ನೆ ಹಾಗೆ ಪೂರ್ತಿ ಮರಳುವುದಿಲ್ಲ. ಹಾಗಾಗಿ ಉರಿ ಆರಂಭವಾದಾಗಲೇ ಬಿಡುವುದಕ್ಕೂ ಬಾಯಿ ತೆರೆಯದಾದ ಮೇಲೆ ಬಿಡುವುದಕ್ಕೂ ಬಹಳ ಅಂತರವಿದೆ.

ಕರಾವಳಿಗೆ ಇದರಿಂದ ಏನು?

ದೇಶದ ಅಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ದಕ್ಷಿಣ ಕನ್ನಡದ ಚಾಲಿ, ಎಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಹೆಚ್ಚಾಗಿ ಹೋಗುವುದು ಗುಜರಾತ್ ಮತ್ತು ಉತ್ತರದ ರಾಜ್ಯಗಳಿಗೆ. 'ನಮ್ಮವರು ಎಲೆಯ ಜೊತೆ ಮಿತವಾಗಿ ತಿನ್ನುತ್ತಾರೆ' ಎಂಬ ಸಮಜಾಯಿಷಿ ಅಲ್ಲಿ ಪಾನ್ ಮಸಾಲಾದಲ್ಲಿ ಅದೇ ಅಡಿಕೆ ತಿನ್ನುವ ಹುಡುಗನಿಗೆ ಅನ್ವಯಿಸುವುದಿಲ್ಲ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೂ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಗೂಡಂಗಡಿಗಳಲ್ಲಿ ಸಿಗುತ್ತಿದೆ. ಬೆಳೆಗಾರರ ಬದುಕಿನ ಪ್ರಶ್ನೆ ನಿಜವಾದದ್ದು. ಎಲೆಚುಕ್ಕಿ, ಹಳದಿ ರೋಗಗಳಿಂದ ಸುಳ್ಯದ ಕಡೆಯ ತೋಟಗಳು ಆಗಲೇ ನಲುಗಿವೆ. ಆದರೆ 'ಅಡಿಕೆಯಿಂದ ಏನೂ ಆಗದು' ಎಂಬ ಭರವಸೆಯ ಮೇಲೆ ಆ ಬದುಕನ್ನು ನಿಲ್ಲಿಸಿದರೆ, ಪುರಾವೆ ಬಂದಷ್ಟೂ ಅದು ಕುಸಿಯುತ್ತದೆ. ಪರ್ಯಾಯ ಬೆಳೆ, ಜಗಿಯದ ಬಳಕೆ, ಬೆಲೆಯ ರಕ್ಷಣೆ ಇವುಗಳ ಮಾತು ಈಗಲೇ ಆರಂಭವಾದರೆ ರೈತರಿಗೆ ಸಮಯ ಸಿಗುತ್ತದೆ.

ಆರೋಗ್ಯ ಇಲಾಖೆಗೆ ದುಬಾರಿ ಜೀನ್ ಪರೀಕ್ಷೆಗಿಂತ ಮೊದಲು ಮಾಡಬಹುದಾದ ಕೆಲಸವಿದೆ. ತಿರುವನಂತಪುರದಲ್ಲಿ 1.9 ಲಕ್ಷ ಜನರನ್ನು ಒಳಗೊಂಡ ಪ್ರಯೋಗದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬರೀ ಬೆಳಕು ಹಾಯಿಸಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ವರದಿಯಾಯಿತು. ದಂತ ವೈದ್ಯಕೀಯ ಕಾಲೇಜುಗಳು ಇಷ್ಟೊಂದು ಇರುವ ಮಂಗಳೂರು-ಉಡುಪಿಯಲ್ಲಿ ಇದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಲುಪದಿರಲು ಕಾರಣವೇ ಇಲ್ಲ.

ನಮ್ಮದೇ ಸಂಶೋಧನೆ ಬೇಕು ಎನ್ನುವವರ ಬೇಡಿಕೆಯೂ ನ್ಯಾಯವಾದದ್ದು, ಅದಕ್ಕೆ ಕರಾವಳಿಗಿಂತ ಒಳ್ಳೆಯ ಜಾಗ ಕಡಿಮೆ. ಬರೀ ಅಡಿಕೆ ತಿನ್ನುವವರು, ಎಲೆ-ಸುಣ್ಣದ ಜೊತೆ ತಿನ್ನುವವರು, ಹೊಗೆಸೊಪ್ಪು ಸೇರಿಸುವವರು, ಏನೂ ತಿನ್ನದವರು ಒಂದೇ ಊರಿನಲ್ಲಿ ಸಿಗುತ್ತಾರೆ. ಹಲವರು ಸದಾ ಒಂದೇ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಒಬ್ಬರದ್ದೇ ಎರಡು ಕೆನ್ನೆಗಳಿಂದ ಮೃದು ಬ್ರಷ್‌ನಲ್ಲಿ ಕೋಶ ಸಂಗ್ರಹಿಸಿ, ಅಡಿಕೆ ಇಡುವ ಕಡೆಗೂ ಇಡದ ಕಡೆಗೂ ಪಿ16ರ ಮೀಥೈಲ್ ಗುರುತು ಹೋಲಿಸಬಹುದು. ವಯಸ್ಸು, ಬೀಡಿ, ಮದ್ಯ, ಆಹಾರದ ವ್ಯತ್ಯಾಸ ಅಲ್ಲಿ ಬಹುಮಟ್ಟಿಗೆ ತಾನಾಗಿ ಕಳೆಯುತ್ತದೆ. ಅದೇ ಜನರನ್ನು ಹತ್ತು ವರ್ಷ ನೋಡುತ್ತಾ ಹೋಗಬೇಕು, ನಡುವೆ ಬಿಟ್ಟವರನ್ನೂ ಸೇರಿಸಿ. ಹಣ ಅಡಿಕೆ ವಹಿವಾಟಿನ ಕಡೆಯಿಂದ ಬಂದರೂ ಅಡ್ಡಿಯಿಲ್ಲ. ಆದರೆ ವಿಶ್ಲೇಷಣೆಯ ಕ್ರಮ ಮೊದಲೇ ಬಹಿರಂಗವಾಗಿರಬೇಕು, ಯಾವ ಮಾದರಿ ಯಾವ ಕೆನ್ನೆಯದ್ದು ಎಂಬುದು ಪ್ರಯೋಗಾಲಯದವರಿಗೆ ಗೊತ್ತಿರಬಾರದು, ಫಲಿತಾಂಶ ಯಾವ ಕಡೆ ಬಂದರೂ ಪ್ರಕಟಿಸುತ್ತೇವೆಂದು ಹಣ ಕೊಡುವವರು ಮೊದಲೇ ಬರೆದುಕೊಡಬೇಕು.